ಹಳತಾಗಿ ಕಾಣುವುದು ಬೇರೆ, ಆ ಕಾಲದ್ದಾಗಿ ಕಾಣುವುದು ಬೇರೆ

ನಮಸ್ಕಾರ. ಜಾನ್ ಬ್ರೌನಿಂಗ್ ರೂಪಿಸಿ, ಅಮೆರಿಕದ ಸೇನೆ 1911ರಲ್ಲಿ ಅಂಗೀಕರಿಸಿದ ಪಿಸ್ತೂಲಿನ ಗುಂಡು ಹಾರಿಸದ ಪ್ರತಿಕೃತಿಯೊಂದನ್ನು ಎರಡನೇ ಮಹಾಯುದ್ಧದ ಕಾಲದ್ದೆಂದು ತೋರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಗೆತ್ತಿಕೊಳ್ಳುವುದು ಉಪ್ಪುಕಾಗದವನ್ನು. ಅಂಚುಗಳನ್ನು ಉಜ್ಜಿ ಲೋಹ ಕಾಣಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಅವರದು. ಆದರೆ ನಾವು ಸಂಗ್ರಹಾಲಯದಲ್ಲಿ ಕಾಣುವ ಸವೆತ ನಂತರದ ದಶಕಗಳದ್ದು. 1943ರಲ್ಲಿ ಅದನ್ನು ಪಡೆದ ಸೈನಿಕನ ಕೈಯಲ್ಲಿ ಅದು ಹೊಚ್ಚಹೊಸದಾಗಿತ್ತು.

ಆದ್ದರಿಂದ ಮೊದಲು ನಿರ್ಧರಿಸಬೇಕಾದದ್ದು ವರ್ಷವನ್ನು. ಮೊದಲನೇ ಮಹಾಯುದ್ಧದ ಪಿಸ್ತೂಲಿಗೆ ನೀಲಿಗಪ್ಪು ಬಣ್ಣವಿತ್ತು. ಅದರ ವಾಲ್‌ನಟ್ ಹಿಡಿಕೆಯ ಗೀರುಗಳ ನಡುವೆ, ಎರಡೂ ತಿರುಪುಗಳ ಸುತ್ತ ವಜ್ರಾಕಾರದ ನುಣುಪು ಜಾಗ ಬಿಟ್ಟಿರುತ್ತಿದ್ದರು. 1920ರ ದಶಕದ ಮಾರ್ಪಾಡಿನಲ್ಲಿ ಕುದುರೆ (ಬೆರಳಿನಿಂದ ಎಳೆಯುವ ಟ್ರಿಗರ್) ಗಿಡ್ಡವಾಯಿತು, ಹಿಡಿಕೆಯ ಹಿಂಬದಿ ಉಬ್ಬಿತು, ಕುದುರೆಯ ಹಿಂದೆ ಚೌಕಟ್ಟಿನ ಎರಡೂ ಬದಿಗಳಲ್ಲಿ ಬೆರಳಿಗೆ ಅನುಕೂಲವಾಗುವ ಸಣ್ಣ ತಗ್ಗುಗಳು ಬಂದವು. ಎರಡನೇ ಮಹಾಯುದ್ಧದ ಕಾಲದಲ್ಲಿ, ಬೆರಳಚ್ಚು ಯಂತ್ರಗಳಿಗೆ ಹೆಸರಾದ ರೆಮಿಂಗ್ಟನ್ ರಾಂಡ್ ಕಂಪನಿಯೇ ಎಂಟು ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳನ್ನು ತಯಾರಿಸಿತು. ಅವುಗಳಿಗೆ ಕಂದು ಪ್ಲಾಸ್ಟಿಕ್ ಹಿಡಿಕೆಯೂ ಮಂಕು ಬೂದು ಬಣ್ಣದ ಫಾಸ್ಫೇಟ್ ಲೇಪವೂ ಇದ್ದವು.

ನನ್ನ ಮಟ್ಟಿಗೆ ಇಡೀ ನೋಟ ನಿಂತಿರುವುದು ಈ ಲೇಪದ ಮೇಲೆ. ಉಕ್ಕನ್ನು ಬಿಸಿ ಫಾಸ್ಫೇಟ್ ದ್ರಾವಣದಲ್ಲಿ ಮುಳುಗಿಸಿದಾಗ ಮೇಲ್ಮೈಯಲ್ಲಿ ಸೂಕ್ಷ್ಮ ಹರಳುಗಳು ಕೂರುತ್ತವೆ. ಅವು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೆಳಕನ್ನು ಮಾತ್ರ ಹಿಂದಿರುಗಿಸುವುದಿಲ್ಲ. ಹೊಳೆಯುವ ಕಪ್ಪು ಬಣ್ಣ ಬಳಿದ ಪ್ರತಿಕೃತಿ ಎಷ್ಟೇ ನಿಖರವಾಗಿದ್ದರೂ ಆಟಿಕೆಯಂತೆ ಕಾಣುವುದು ಇದರಿಂದಲೇ.

ಸೇನಾ ಕಾರ್ಯಾಗಾರಗಳೇ ಬಿಡಿಭಾಗಗಳನ್ನು ಬೆರೆಸುತ್ತಿದ್ದವಲ್ಲ ಎಂದು ಕೆಲವರು ವಾದಿಸುತ್ತಾರೆ, ಅದು ನಿಜವೂ ಹೌದು. ದುರಸ್ತಿಗೆ ಬಂದ ಹಳೆಯ ಚೌಕಟ್ಟಿಗೆ ಹೊಸ ಭಾಗಗಳನ್ನು ಜೋಡಿಸಿ, ಮತ್ತೆ ಲೇಪ ಕೊಟ್ಟು ಕಳುಹಿಸುತ್ತಿದ್ದರು. ಆ ಬೆರಕೆಗೊಂದು ಕಾರಣವಿತ್ತು. ಚೆಂದ ಕಾಣುತ್ತದೆಂದು ಯುದ್ಧಕಾಲದ ಮಾದರಿಗೆ ವಜ್ರಾಕಾರದ ಮರದ ಹಿಡಿಕೆ ಹಾಕುವುದಕ್ಕೆ ಅಂಥ ಕಾರಣವಿಲ್ಲ.

ಮೊದಲು ಹೇಳಿದ ಉಪ್ಪುಕಾಗದದ ತಪ್ಪನ್ನು ನಾನೂ ಮಾಡಿದವನೇ. ಒಂದು ಸಂಜೆ ಉತ್ಸಾಹದಲ್ಲಿ ನನ್ನ ಪ್ರತಿಕೃತಿಯ ಸ್ಲೈಡಿನ (ಹಿಂದೆ ಮುಂದೆ ಸರಿಯುವ ಮೇಲ್ಭಾಗದ) ಎಲ್ಲ ಅಂಚುಗಳನ್ನೂ ಒಂದೇ ಹದದಲ್ಲಿ ಉಜ್ಜಿಬಿಟ್ಟೆ. ಯಾವ ಸೈನಿಕನ ಕೈಯೂ ಅಷ್ಟು ಶಿಸ್ತಾಗಿ ಸವೆಸುವುದಿಲ್ಲ. ಕೊನೆಗೆ ಪೂರ್ತಿ ಕೆರೆದು, ಮಂಕು ಬೂದು ಬಣ್ಣವನ್ನು ತೆಳುವಾಗಿ ಮೂರು ಸಲ ಹೊಡೆದೆ. ಈಗ ಅದನ್ನು ಚರ್ಮದ ಹೋಲ್‌ಸ್ಟರ್‌ನಲ್ಲಿ ಇಟ್ಟಿದ್ದೇನೆ. ತೆಗೆದಿಡುವಾಗ ತುದಿಯ ಬಣ್ಣ ಸವೆಯುವುದಾದರೆ ಅದರ ಪಾಡಿಗೆ ಸವೆಯಲಿ.