ಮೂಲ ಚಿತ್ರವನ್ನು ಮುಟ್ಟಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಅಡಿಕೆ ಬೇಯಿಸುವ ಮನೆಯವರಿಗೆ ನನ್ನ ಮಾತು ಬೇಗ ತಿಳಿಯುತ್ತದೆ. ಚೊಗರಿನಲ್ಲಿ ಬೆಂದ ಅಡಿಕೆ ಮತ್ತೆ ಹಸಿಯಾಗುವುದಿಲ್ಲ. ಫೋಟೋ ತಿದ್ದಿ ಅದೇ ಫೈಲಿನ ಮೇಲೆ ಸೇವ್ ಮಾಡಿದರೂ ಹಾಗೆಯೇ. ಆದ್ದರಿಂದ ಇವತ್ತು ಹೇಳುವುದು ಒಂದೇ: ಮೂಲ ಚಿತ್ರವನ್ನು ಮುಟ್ಟಬೇಡಿ.

ಕೆಲವು ವರ್ಷಗಳ ಹಿಂದೆ, ಆಷಾಢದ ಮಳೆ ತುಸು ಹೊಳವಾದಾಗ, ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಹೋಗಿದ್ದೆ. ತುಂಗೆ ಕೆಂಪಾಗಿ ಏರಿ ನಡುಗಡ್ಡೆಯ ಮರಗಳನ್ನು ಸೊಂಟದವರೆಗೆ ಮುಳುಗಿಸಿದ್ದಳು. ಒಂದೇ ಮರದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಇಡೀ ಮರವನ್ನು ಸೆರೆಹಿಡಿದೆ. ಮನೆಗೆ ಬಂದು ನೋಡಿದರೆ, ಮೂಲೆಯ ಗೂಡಿನಲ್ಲಿ ಬೆಳ್ಳಕ್ಕಿಯ ಮರಿಯೊಂದು ತಾಯಿಯ ಕೊಕ್ಕನ್ನೇ ಕಚ್ಚಿ ಜಗ್ಗುತ್ತಿತ್ತು! ಅಷ್ಟನ್ನೇ ಕತ್ತರಿಸಿ, ಬೆಳಕು ಏರಿಸಿ, ಸೇವ್ ಒತ್ತಿದೆ. ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿದೆ. ಮರುವರ್ಷ ಒಬ್ಬ ಮೇಷ್ಟ್ರು ಬಂದರು. ಯಾವ ಹಕ್ಕಿ ಯಾವ ಕೊಂಬೆ ಹಿಡಿಯುತ್ತದೆ, ಹೊಳೆ ಗೂಡಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ಮಕ್ಕಳಿಗೆ ತೋರಿಸಬೇಕು, ಇಡೀ ಮರದ ಚಿತ್ರ ಕೊಡಿ ಎಂದರು. ನನ್ನಲ್ಲಿ ಉಳಿದಿದ್ದದ್ದು ಒಂದು ತಾಯಿ, ಒಂದು ಮರಿ. ಮರವೂ ಇಲ್ಲ, ಹೊಳೆಯೂ ಇಲ್ಲ. ಬರಿಗೈಯಲ್ಲಿ ಹೊರಟ ಅವರ ಮುಖ ನನಗೆ ಇನ್ನೂ ಮರೆತಿಲ್ಲ.

ಈಗ ನಾನು ತಿದ್ದುವುದೆಲ್ಲ ಚೀಟಿಯಲ್ಲಿ. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ತಂತ್ರಾಂಶ ಚಿತ್ರದ ಪಕ್ಕದಲ್ಲೇ, ಏನೇನು ತಿದ್ದಬೇಕೆಂದು ಬರೆದ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲನ್ನು ಇಡುತ್ತದೆ. ಅದೇ ನನ್ನ ಚೀಟಿ. ಅಡೋಬಿ ಕಂಪನಿ 2001ರಲ್ಲಿ ತಂದ, 2012ರಲ್ಲಿ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನಕವಾದ ಪದ್ಧತಿ ಇದು. ಅಡೋಬಿಯದೇ ಫೋಟೋ ತಿದ್ದುವ ತಂತ್ರಾಂಶ ಲೈಟ್‌ರೂಮ್ ಬರೆದ ಅಂಥ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ‘ಎಕ್ಸ್‌ಪೋಷರ್ 2012’ ಎಂಬುದರ ಮುಂದೆ +0.50 ಎಂದಿದ್ದರೆ, ಬೆಳಕನ್ನು ಅರ್ಧ ಸ್ಟಾಪ್ ಏರಿಸು ಎಂದರ್ಥ; ಸ್ಟಾಪ್ ಎಂದರೆ ಬೆಳಕಿನ ಒಂದು ಅಳತೆ. ‘ಕ್ರಾಪ್ ಲೆಫ್ಟ್’ ಮುಂದೆ 0.21 ಎಂದಿದ್ದರೆ, ಎಡದಿಂದ ನೂರರಲ್ಲಿ ಇಪ್ಪತ್ತೊಂದು ಪಾಲು ಮರೆಮಾಡು ಎಂದು. ಬರೀ ಮರೆ! ಚಿತ್ರಕ್ಕೆ ಕತ್ತರಿ ಬಿದ್ದೇ ಇಲ್ಲ. ಕ್ರಾಪ್ ತೆಗೆದುಹಾಕಿ, ಮರ ವಾಪಸ್ಸು, ಹೊಳೆ ವಾಪಸ್ಸು.

ಸಮಯ ಮುಗಿಯುತ್ತಿದೆ, ಇನ್ನೆರಡು ಮಾತು. ಕ್ಯಾಮೆರಾದ ಹಸಿ ಚಿತ್ರಕ್ಕೆ ರಾ ಫೈಲ್ ಎನ್ನುತ್ತಾರೆ. ಅದರಲ್ಲಿ ಡಿಎನ್‌ಜಿ ಎಂಬ ಬಗೆಯಾದರೆ ಲೈಟ್‌ರೂಮ್ ಚೀಟಿಯನ್ನು ಒಳಗೇ ಕೂರಿಸುತ್ತದೆ. ಬೇರೆ ರಾ ಫೈಲುಗಳಿಗೆ ಚೀಟಿ ಹೊರಗೆ. ಪೆನ್‌ಡ್ರೈವ್‌ಗೆ ಹಾಕುವಾಗ ಚಿತ್ರ, ಚೀಟಿ ಎರಡನ್ನೂ ಒಟ್ಟಿಗೆ ಒಯ್ಯಿರಿ. ಲೈಟ್‌ರೂಮ್ ಕ್ಲಾಸಿಕ್ ಬಳಸುವವರು ದಯವಿಟ್ಟು ಕಂಟ್ರೋಲ್ ಎಸ್ ಒತ್ತಿ, ಇಲ್ಲದಿದ್ದರೆ ಚೀಟಿ ಅದರ ಕ್ಯಾಟಲಾಗಿನಲ್ಲೇ, ಅಂದರೆ ಆ ತಂತ್ರಾಂಶದ ಸ್ವಂತ ದಾಖಲೆಯಲ್ಲೇ, ಉಳಿದುಬಿಡುತ್ತದೆ. ಮೂಲ ಚಿತ್ರವನ್ನು ಮಾತ್ರ ಮುಟ್ಟಬೇಡಿ. ನಮಸ್ಕಾರ.