ಕೇಬಲ್ ಎಷ್ಟು ಉದ್ದ ಇತ್ತು?

ಕೇಳುಗರಿಗೆ ನಮಸ್ಕಾರ.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮಂಡ್ಯ ಜಿಲ್ಲೆಯಲ್ಲಿ, ನಾಲೆ ಬಯಲಿನಲ್ಲಿ ನಮ್ಮೂರು. ಪಕ್ಕದ ಗದ್ದೆಯವರ ಪಂಪ್‌ಸೆಟ್ ಕೇಬಲ್ ಒಂದು ರಾತ್ರಿ ಕಳುವಾಯಿತು. ಹದಿನೈದು ದಿನದಲ್ಲಿ ಒಬ್ಬನನ್ನು ಹಿಡಿದರು, ಕೇಬಲ್ಲೂ ಸಿಕ್ಕಿತು. "ಬಾರೋ ತಮ್ಮಾ, ಓದಿದೋನು ನೀನು, ಇಲ್ಲೊಂದು ಸೈನ್ ಹಾಕು" ಎಂದು ನನ್ನನ್ನು ಪಂಚನಾಗಿ, ಅಂದರೆ ವಶಪಡಿಸಿಕೊಂಡದ್ದಕ್ಕೆ ಸಾಕ್ಷಿಯಾಗಿ, ಕರೆದರು. ಟೀ ಅಂಗಡಿ ಬೆಂಚಿನ ಮೇಲೆ ಕೂತು ಹಾಕಿದೆ. ಓದಲೂ ಇಲ್ಲ.

ಮೂರು ವರ್ಷ ಕಳೆದ ಮೇಲೆ ಕೋರ್ಟಿನಿಂದ ಸಮನ್ಸ್ ಬಂತು. ಆರೋಪಿ ಕಡೆಯ ವಕೀಲರು ಮೂರೇ ಪ್ರಶ್ನೆ ಕೇಳಿದರು. ಕೇಬಲ್ ಎಷ್ಟು ಉದ್ದ ಇತ್ತು? ಯಾವ ಬಣ್ಣ? ಸಹಿ ಹಾಕುವಾಗ ನೀವು ಎಲ್ಲಿ ಕೂತಿದ್ರಿ? ಮೊದಲ ಎರಡಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಮೂರನೆಯದಕ್ಕೆ ನಿಜ ಹೇಳಿದೆ. ನಾನು ಸಹಿ ಹಾಕಿದ್ದ ಮಹಜರಿನಲ್ಲಿ, ಅಂದರೆ ಕಂಡದ್ದನ್ನು, ಸಿಕ್ಕಿದ್ದನ್ನು ಬರೆದಿಡುವ ಕಾಗದದಲ್ಲಿ, ಇದ್ದದ್ದು "ಕೇಬಲ್ ವೈರು, ಒಂದು ಸುತ್ತು" ಅಂತ, ಅಷ್ಟೇ. ಆರೋಪಿ ಬಿಡುಗಡೆಯಾದ. ಅವನು ಕದ್ದಿದ್ದನೋ, ಸುಮ್ನೆ ಸಿಕ್ಕಿಹಾಕಿಕೊಂಡಿದ್ದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕದ್ದಿದ್ದರೆ ಗದ್ದೆಯವರಿಗೆ ಅನ್ಯಾಯ. ಕದಿಯದಿದ್ದರೆ ಮೂರು ವರ್ಷ ಕೋರ್ಟಿಗೆ ಅಲೆದ ಅವನಿಗೆ ಅನ್ಯಾಯ. ಎರಡರಲ್ಲೂ ನನ್ನ ಸಹಿ ಇದೆ.

ಆ ಕಸಿವಿಸಿಯೇ ನನ್ನನ್ನು ಅಪರಾಧಶಾಸ್ತ್ರದ ಎಂಎಗೆ ತಳ್ಳಿತು. ಈಗ ಮೈಸೂರಿನಲ್ಲಿ ಪಿಜಿ ಮಕ್ಕಳಿಗೆ ಅದೇ ಪಾಠ ಹೇಳುತ್ತೇನೆ. ಮಕ್ಕಳು ಅಂದೆ, ಅವರಿಗೆಲ್ಲ ಇಪ್ಪತ್ತೆರಡು ಇಪ್ಪತ್ಮೂರು ವರ್ಷ. ಮೊದಲ ದಿನ ಅವರ ಕಣ್ಣಲ್ಲಿ ಒಬ್ಬ ಪತ್ತೇದಾರ ಕೂತಿರುತ್ತಾನೆ. ಕೈಯಲ್ಲಿ ಭೂತಕನ್ನಡಿ, ತಲೆಯಲ್ಲಿ ಮಿಂಚು. ಆತನನ್ನು ಕೆಳಗಿಳಿಸುವುದಕ್ಕೇ ಒಂದು ಸೆಮಿಸ್ಟರ್ ಬೇಕಾಗುತ್ತದೆ.

ಒಂದು ಕೋಣೆಯನ್ನು ನಾವೇ ಅಪರಾಧ ನಡೆದ ಜಾಗದ ಹಾಗೆ ಮಾಡಿಡುತ್ತೇವೆ. ಮಗುಚಿದ ಕುರ್ಚಿ, ಒಡೆದ ಲೋಟ, ಒಂಟಿ ಚಪ್ಪಲಿ, ನೆಲದ ಮೇಲೆ ಸಕ್ಕರೆ ಪಾಕಕ್ಕೆ ಬಣ್ಣ ಕಲಸಿ ಚೆಲ್ಲಿದ ರಕ್ತ. ಒಬ್ಬೊಬ್ಬರೇ ಒಳಗೆ ಹೋಗಿ ಮಹಜರು ಬರೆದುಕೊಂಡು ಬರಬೇಕು. ಹೋದ ವರ್ಷ ಒಬ್ಬ ಹುಡುಗಿ ಐದೇ ನಿಮಿಷಕ್ಕೆ ಹೊರಗೆ ಬಂದಳು. "ಕೋಣೆಯಲ್ಲಿ ರಕ್ತ ಬಿದ್ದಿತ್ತು" ಎಂದು ಬರೆದಿದ್ದಳು.

"ರಕ್ತ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಕೆಂಪಗಿತ್ತಲ್ಲ ಸರ್."

"ಬೀಟ್‌ರೂಟ್ ಸಾರೂ ಕೆಂಪಗಿರುತ್ತೆ."

ರಕ್ತದಂತೆ ಕಾಣುವ ಕಲೆ. ಬಾಗಿಲಿನಿಂದ ಇಷ್ಟು ಅಡಿ ದೂರ, ಇಷ್ಟು ಅಂಗುಲ ಅಗಲ, ಅಂಚು ಒಣಗಿದೆ, ನಡುವೆ ಇನ್ನೂ ಹಸಿಯಾಗಿದೆ. ಬರೆಯಬೇಕಾದ್ದು ಹೀಗೆ. ರಕ್ತ ಹೌದೋ ಅಲ್ಲವೋ ಹೇಳುವುದು ಪ್ರಯೋಗಾಲಯದವರ ಕೆಲಸ. ಇದನ್ನು ಕೇಳಿ ಹುಡುಗರಿಗೆ ಸಪ್ಪೆ ಅನ್ನಿಸುತ್ತದೆ. ನನ್ನ ಕೇಳಿದರೆ ಇಡೀ ಕೋರ್ಸಿನಲ್ಲಿ ಇದಕ್ಕಿಂತ ಕಷ್ಟದ ಪಾಠ ಇಲ್ಲ. ಕಂಡದ್ದೇ ಬೇರೆ, ಅಂದುಕೊಂಡದ್ದೇ ಬೇರೆ. ಎರಡನ್ನೂ ಕಲಸದೆ ಬರೆಯಬೇಕು. ಎರಡು ವರ್ಷ ಬಿಟ್ಟು ಯಾರೋ ವಕೀಲರು ಸಾಲುಸಾಲಾಗಿ ಎಳೆದಾಡಿದರೂ ಅದು ಹರಿಯಬಾರದು.

ಎತ್ತಿಡುವುದೂ ಹಾಗೆಯೇ. ರಕ್ತವಾದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು, ಪ್ಲಾಸ್ಟಿಕ್ ಬೇಡ. ಕಾರಣ ಯಾವ ತಾಯಿಗಾದರೂ ಗೊತ್ತು. ಒದ್ದೆ ಯೂನಿಫಾರ್ಮನ್ನು ಪ್ಲಾಸ್ಟಿಕ್ ಕವರಿನಲ್ಲಿ ಮರೆತರೆ ಏನಾಗುತ್ತದೆ? ಬೂಷ್ಟು. ಆ ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ಸೇರಿ ಡಿಎನ್‌ಎಯನ್ನೂ ಹಾಳುಮಾಡುತ್ತವೆ.

ನಮ್ಮ ಸೀಮೆಗೆ ಹತ್ತಿರದ ಇನ್ನೊಂದು ಪಾಠ ನಾಲೆಯದು. ನಾಲೆಯಲ್ಲಿ ಹೆಣ ಸಿಕ್ಕಿತು ಅನ್ನಿ. ಮುಳುಗಿ ಸತ್ತರೋ, ಸತ್ತ ಮೇಲೆ ಯಾರಾದರೂ ನೀರಿಗೆ ಹಾಕಿದರೋ? ನೀರಿನಲ್ಲಿ ಡಯಾಟಮ್ ಎಂಬ ಸಣ್ಣ ಸಣ್ಣ ಪಾಚಿ ಇರುತ್ತವೆ, ಅವಕ್ಕೆ ಗಾಜಿನಂಥ ಚಿಪ್ಪು. ಜೀವ ಇದ್ದಾಗ ಉಸಿರಿನ ಜೊತೆ ನೀರು ಒಳಗೆ ಎಳೆದುಕೊಂಡರೆ ಅವು ಶ್ವಾಸಕೋಶದಿಂದ ರಕ್ತಕ್ಕೆ ಇಳಿಯುತ್ತವೆ. ಎದೆ ಬಡಿಯುತ್ತಿರುವುದರಿಂದ ಮೂಳೆಯ ಮಜ್ಜೆಯವರೆಗೂ ಹೋಗಿ ಸೇರುತ್ತವೆ. ಮಜ್ಜೆಯಲ್ಲಿ ಸಿಕ್ಕ ಡಯಾಟಮ್ಮನ್ನು ಅದೇ ನಾಲೆಯ ನೀರಿನದರ ಜೊತೆ ಹೋಲಿಸಿ ನೋಡುತ್ತಾರೆ. ಹಾಗಂತ ಇದೊಂದನ್ನೇ ನಂಬಿ ತೀರ್ಮಾನ ಮಾಡುವ ಹಾಗಿಲ್ಲ. ತಜ್ಞರಲ್ಲೇ ಇದರ ಬಗ್ಗೆ ಜಗಳ ಇದೆ. ಆ ಜಗಳವನ್ನೂ ಓದಿಸುತ್ತೇವೆ. ಡಿಗ್ರಿಗೂ ಪಿಜಿಗೂ ಇರುವ ವ್ಯತ್ಯಾಸ ಅದೇ ಅಲ್ವಾ?

ಇನ್ನು ಕಾನೂನು. 2024ರ ಜುಲೈ 1ರಿಂದ ಮೂರು ಹೊಸ ಕಾಯಿದೆ ಬಂದವು. ಐಪಿಸಿ, ಸಿಆರ್‌ಪಿಸಿ ಸೆಕ್ಷನ್ನುಗಳನ್ನು ಬಾಯಿಪಾಠ ಮಾಡಿದ್ದ ನಮ್ಮಂಥವರು ಮತ್ತೆ ಒಂದನೇ ಕ್ಲಾಸಿಗೆ ಸೇರಿದೆವು. ಬೈದುಕೊಂಡೇ ಓದಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಓದಿದಾಗ ಆ ಟೀ ಅಂಗಡಿ ಬೆಂಚು ನೆನಪಾಯಿತು. ಶೋಧ ಮಾಡುವಾಗ, ವಸ್ತು ವಶಕ್ಕೆ ತೆಗೆದುಕೊಳ್ಳುವಾಗ, ಪಂಚರು ಸಹಿ ಹಾಕುವಾಗ ಎಲ್ಲವನ್ನೂ ವಿಡಿಯೊ ಮಾಡಬೇಕು. ತಡಮಾಡದೆ ಅದನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅವತ್ತು ಇದು ಇದ್ದಿದ್ದರೆ ಕೇಬಲ್ಲಿನ ಬಣ್ಣ ನನ್ನ ನೆನಪಿಗೆ ಜೋತು ಬೀಳುತ್ತಿರಲಿಲ್ಲ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ, ಅಂದರೆ ಫೋರೆನ್ಸಿಕ್ ತಜ್ಞರೇ ಜಾಗಕ್ಕೆ ಬರಬೇಕು ಎನ್ನುತ್ತದೆ 176ನೇ ಸೆಕ್ಷನ್. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿದ್ದಾರೆ.

ವಿಡಿಯೊ ಅಂದ ಕೂಡಲೇ ಇನ್ನೊಂದು ತಲೆನೋವು. ಈ ಫೈಲನ್ನು ಆಮೇಲೆ ಯಾರೂ ಮುಟ್ಟಿಲ್ಲ ಎಂದು ತೋರಿಸುವುದು ಹೇಗೆ? ಅದಕ್ಕೆ ಹ್ಯಾಶ್ ಅಂತ ಇದೆ. ಫೈಲಿನ ಬೆರಳಚ್ಚು ಅನ್ನಬಹುದು. ತರಗತಿಯಲ್ಲಿ ಒಂದು ಆಟ ಆಡಿಸುತ್ತೇನೆ. ಎರಡು ಸಾಲು ಕನ್ನಡ ಟೈಪ್ ಮಾಡಿ ಅದರ ಹ್ಯಾಶ್ ತೆಗೆಯಿರಿ ಅನ್ನುತ್ತೇನೆ. ಅರವತ್ತನಾಲ್ಕು ಅಕ್ಷರ ಅಂಕಿಗಳ ಸಾಲು ಬರುತ್ತದೆ. ಕೊನೆಯಲ್ಲಿ ಒಂದೇ ಒಂದು ಸ್ಪೇಸ್ ಸೇರಿಸಿ ಮತ್ತೆ ತೆಗೆದರೆ ಇಡೀ ಸಾಲೇ ಬೇರೆ. ಯಾರ ಕಣ್ಣಿಗೂ ಕಾಣದ ಒಂದು ಖಾಲಿ ಜಾಗ ಹೇಗೆ ಸಿಕ್ಕಿಬೀಳುತ್ತದೆ ನೋಡಿ. ಹೊಸ ಸಾಕ್ಷ್ಯ ಕಾಯಿದೆಯ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರದಲ್ಲಿ ಈ ಹ್ಯಾಶನ್ನೂ ಬರೆಯಬೇಕು.

"ಸರ್, ನಾಲ್ಕು ಬಿಟ್ರೆ ಒಪ್ಕೊಳ್ತಾರೆ, ಇಷ್ಟೆಲ್ಲ ಯಾಕೆ?" ಎನ್ನುವವನು ಪ್ರತಿ ಬ್ಯಾಚಿನಲ್ಲೂ ಒಬ್ಬ ಇರುತ್ತಾನೆ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ. 1872ರ ಸಾಕ್ಷ್ಯ ಕಾಯಿದೆಯಲ್ಲೂ ನಡೆಯುತ್ತಿರಲಿಲ್ಲ, ಈಗಲೂ ಇಲ್ಲ. ಆರೋಪಿ ಹೇಳಿದ್ದರಿಂದ ಒಂದು ವಸ್ತು ಸಿಕ್ಕಿದರೆ, ಆ ವಸ್ತುವಿಗೆ ಸಂಬಂಧಪಟ್ಟ ಮಾತು ಎಷ್ಟೋ ಅಷ್ಟು ಮಾತ್ರ ನಡೆಯುತ್ತದೆ. ಇಂಜೆಕ್ಷನ್ ಕೊಟ್ಟು ಬಾಯಿ ಬಿಡಿಸುವ ನಾರ್ಕೋ ಪರೀಕ್ಷೆಯೂ ಹಾಗೇ. ಒಪ್ಪಿಗೆ ಇಲ್ಲದೆ ಅದನ್ನು ಮಾಡಕೂಡದು ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಆ ಮೊಕದ್ದಮೆಯ ಹೆಸರಿನಲ್ಲಿ ನಮ್ಮ ರಾಜ್ಯವೇ ಇದೆ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಬೇರೆ. ಇದನ್ನು ಓದಿದರೆ ಸೀದಾ ಪಿಎಸ್‌ಐ ಆಗಬಹುದಾ? ಇಲ್ಲ. ಅದಕ್ಕೆ ನೇಮಕಾತಿ ಪರೀಕ್ಷೆ ಬರೆಯಲೇಬೇಕು. ಇದೇ ಮೈಸೂರಿನಲ್ಲಿ ಪೊಲೀಸ್ ಅಕಾಡೆಮಿ ಇದೆ, ಆದರೆ ಅದರ ಗೇಟು ನಮ್ಮ ಸರ್ಟಿಫಿಕೇಟಿಗೆ ತೆರೆಯುವುದಿಲ್ಲ. ಲ್ಯಾಬಿನಲ್ಲಿ ಕೆಲಸ ಬೇಕು ಅನ್ನುವವರು ಡಿಗ್ರಿಯಲ್ಲೇ ವಿಜ್ಞಾನ ಓದಿರಬೇಕು, ಆಮೇಲೆ ವಿಧಿವಿಜ್ಞಾನದ ಎಂಎಸ್ಸಿ. ಕಲಾ ವಿಭಾಗದವರಿಗೆ ಅಪರಾಧಶಾಸ್ತ್ರದ ಎಂಎ ಇದೆ. ನಮ್ಮವರಲ್ಲಿ ಕೆಲವರು ಬ್ಯಾಂಕು, ವಿಮೆಯ ವಂಚನೆ ತನಿಖೆಗೆ ಹೋದರು, ಕೆಲವರು ಎಲ್‌ಎಲ್‌ಬಿ ಮಾಡಿ ವಕೀಲರಾದರು. ಒಬ್ಬ ಊರಿಗೆ ವಾಪಸ್ ಹೋಗಿ ಕಬ್ಬು ಬೆಳೆಯುತ್ತಿದ್ದಾನೆ. ನಮ್ಮ ಕಡೆ ಯಾರಾದರೂ ಪಂಚನಾಗಿ ಸಹಿ ಹಾಕಬೇಕಾಗಿ ಬಂದರೆ ಮೊದಲು ಅವನಿಗೆ ಫೋನ್ ಮಾಡುತ್ತಾರಂತೆ.

ಈ ಮೈಸೂರಿನಲ್ಲಿ ಬಾನುಲಿ ಶುರು ಮಾಡಿದವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು, ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ, ತಮ್ಮ ಮನೆಯಲ್ಲೇ. ಮೈಕಿನ ಮುಂದೆ ಕೂತಾಗ ಅದು ನೆನಪಾಗುತ್ತದೆ, ಯಾಕೆಂದರೆ ನಮ್ಮ ಓದಿನಲ್ಲಿ ಮನಃಶಾಸ್ತ್ರದ ಪಾಲು ದೊಡ್ಡದು. ಒಂದೇ ಘಟನೆ ನೋಡಿದ ನಾಲ್ವರು ನಾಲ್ಕು ಕಥೆ ಹೇಳುತ್ತಾರೆ, ನಾಲ್ವರೂ ಸುಳ್ಳುಗಾರರಲ್ಲ. "ಅವನು ಕೆಂಪು ಶರ್ಟ್ ಹಾಕಿದ್ನಾ?" ಎಂದು ಕೇಳಿದರೆ ಸಾಕು, ಸಾಕ್ಷಿಯ ನೆನಪಿಗೆ ಕೆಂಪು ಬಣ್ಣ ನಾವೇ ಬಳಿದ ಹಾಗೆ. "ಏನು ಹಾಕಿದ್ದ?" ಎಂದು ಕೇಳಿ ಬಾಯಿ ಮುಚ್ಚಿಕೊಂಡು ಕಾಯಬೇಕು. ಕಾಯುವುದು ಮೇಷ್ಟ್ರುಗಳಿಗೂ ಕಷ್ಟ.

ಆ ಬೀಟ್‌ರೂಟ್ ಹುಡುಗಿಯ ಕಥೆ ಅರ್ಧಕ್ಕೇ ಬಿಟ್ಟೆ. ನಾಲ್ಕನೇ ಸೆಮಿಸ್ಟರಿನಲ್ಲಿ ಅದೇ ಕೋಣೆಗೆ ಮತ್ತೆ ಕಳಿಸಿದೆವು. ಈ ಸಲ ಒಂದೂವರೆ ಗಂಟೆ ಹೊರಗೇ ಬರಲಿಲ್ಲ. ಆರು ಪುಟ ಬರೆದಿದ್ದಳು. ಐದನೇ ಪುಟದಲ್ಲಿ ಒಂದು ಸಾಲು: "ಪೂರ್ವದ ಗೋಡೆಯ ಮೇಲಿನ ಗಡಿಯಾರ ನನ್ನ ಕೈಗಡಿಯಾರಕ್ಕಿಂತ ಹನ್ನೊಂದು ನಿಮಿಷ ಮುಂದಿದೆ." ಎದ್ದು ಹೋಗಿ ನೋಡಿದೆ. ಹೌದು, ಮುಂದಿತ್ತು. ಆ ಕೋಣೆಯಲ್ಲಿ ನಾನು ಎಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ.

ನಮಸ್ಕಾರ.