ಕೊನೆಯ ಒಂದು ಸ್ಲ್ಯಾಶ್

ಕೇಳುಗರಿಗೆ ನಮಸ್ಕಾರ.

ನನ್ನ ಹತ್ತಿರ ಅಜ್ಜಿ ಹೇಳಿದ ಸೋಬಾನೆ ಹಾಡುಗಳ ರೆಕಾರ್ಡಿಂಗ್ ಇತ್ತು. ಈಗ ಇಲ್ಲ. ಡಿಸ್ಕ್ ಕೆಟ್ಟು ಹೋದದ್ದಲ್ಲ, ನಾನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕೊಟ್ಟ ಒಂದು ಕಮಾಂಡ್‌ನಿಂದ ಹೋಯಿತು. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತ ಇವತ್ತು ಈ ಮಾತು.

ಫೋಲ್ಡರ್‌ಗಳನ್ನು ನಕಲು ಮಾಡಲು ಆರ್‌ಸಿಂಕ್ ಅನ್ನುವ ಉಚಿತ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಇದನ್ನು ಹೊರತಂದರು. ಮೊದಲ ಸಲ ಎಲ್ಲವನ್ನೂ ನಕಲು ಮಾಡುತ್ತದೆ. ಮುಂದಿನ ಸಲ ಪ್ರತಿ ಫೈಲಿನ ಗಾತ್ರ ಮತ್ತು ಅದು ಕೊನೆಗೆ ಬದಲಾದ ಹೊತ್ತು ನೋಡುತ್ತದೆ. ಎರಡೂ ಹೊಂದಿದರೆ ಆ ಫೈಲನ್ನು ಮುಟ್ಟುವುದೇ ಇಲ್ಲ. ಬೇರೆ ಊರಿನ ಕಂಪ್ಯೂಟರಿಗೆ ಕಳಿಸುವಾಗಲಂತೂ ದೊಡ್ಡ ಫೈಲಿನಲ್ಲಿ ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದೆ. ನಿಧಾನದ ಇಂಟರ್‌ನೆಟ್ ಇರುವವರಿಗೆ ಇದು ಎಷ್ಟು ದೊಡ್ಡ ಉಪಕಾರ, ಅಲ್ವಾ?

ಕಮಾಂಡ್ ಚಿಕ್ಕದು. ಆರ್‌ಸಿಂಕ್, ಹೈಫನ್ ಎ, ಆಮೇಲೆ ಎಲ್ಲಿಂದ, ಆಮೇಲೆ ಎಲ್ಲಿಗೆ. ಆ 'ಎ' ಹಾಕಿದರೆ ಒಳಗಿನ ಫೋಲ್ಡರ್‌ಗಳೂ ಬರುತ್ತವೆ, ಫೈಲುಗಳ ತಾರೀಕೂ ಹಾಗೇ ಉಳಿಯುತ್ತದೆ.

ಇನ್ನು ಸ್ಲ್ಯಾಶ್, ಅಂದರೆ ಓರೆ ಗೆರೆ. ಸಂತೆಯಿಂದ ತಂದ ಚೀಲವನ್ನು ಹಾಗೇ ಮೂಲೆಯಲ್ಲಿಡಬಹುದು, ಇಲ್ಲವೇ ಒಳಗಿದ್ದದ್ದನ್ನು ನೆಲಕ್ಕೆ ಸುರಿಯಬಹುದು. 'ಎಲ್ಲಿಂದ' ಅನ್ನುವ ಕಡೆ ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಇಲ್ಲದಿದ್ದರೆ ಚೀಲ ಸಮೇತ ಹೋಗುತ್ತದೆ. ಇದ್ದರೆ ಒಳಗಿನ ಸಾಮಾನು ಮಾತ್ರ.

ಬರೀ ನಕಲು ಮಾಡುವಾಗ ಇದರಿಂದ ಸ್ವಲ್ಪ ಗಲಿಬಿಲಿಯಾಗಬಹುದು, ಅಷ್ಟೇ. ಜೊತೆಗೆ ಡಿಲೀಟ್ ಅನ್ನುವ ಆಯ್ಕೆ ಸೇರಿದರೆ ಕಥೆ ಬೇರೆ. ಮೂಲದಲ್ಲಿ ಇಲ್ಲದ್ದನ್ನು ಅದು ನಕಲಿನ ಕಡೆಯಿಂದ ಅಳಿಸುತ್ತದೆ. ಎರಡೂ ಕಡೆ ಒಂದೇ ಥರ ಇರಲಿ ಅಂತ ಕೊಟ್ಟಿರುವ ಆಯ್ಕೆ ಅದು. ನಾನು ಫೋಟೋ ಫೋಲ್ಡರ್‌ಗೆ ಸ್ಲ್ಯಾಶ್ ಹಾಕಿ, 'ಎಲ್ಲಿಗೆ' ಅನ್ನುವ ಕಡೆ ಇಡೀ ಡಿಸ್ಕ್‌ನ ಹೆಸರು ಕೊಟ್ಟು, ಡಿಲೀಟ್ ಸೇರಿಸಿದೆ. ಫೋಟೋಗಳು ಡಿಸ್ಕ್‌ಗೆ ಬಂದವು. ಡಿಸ್ಕ್‌ನಲ್ಲಿ ಮೊದಲೇ ಇದ್ದ ಬೇರೆಲ್ಲವೂ ಅಳಿಸಿಹೋಯಿತು. ಅಪ್ಪನ ಕಾಗದಗಳನ್ನು ಮತ್ತೆ ಸ್ಕ್ಯಾನ್ ಮಾಡಿದೆ. ಅಜ್ಜಿಯ ದನಿಯನ್ನು ಮತ್ತೆ ಎಲ್ಲಿಂದ ತರಲಿ?

ಇದನ್ನು ತಡೆಯುವ ದಾರಿ ಅದೇ ಕಮಾಂಡ್‌ನಲ್ಲಿದೆ. ಹೈಫನ್ ಎನ್, ಹೈಫನ್ ವಿ ಎರಡನ್ನೂ ಸೇರಿಸಿ. ಆಗ ಆರ್‌ಸಿಂಕ್ ಏನನ್ನೂ ಮುಟ್ಟುವುದಿಲ್ಲ, ಏನು ಮಾಡಲಿದೆ ಅನ್ನುವುದನ್ನು ಸುಮ್ನೆ ಪಟ್ಟಿ ಮಾಡಿ ತೋರಿಸುತ್ತದೆ. ನಾನು ಈಗ ಪ್ರತಿ ಸಲ ಮೊದಲು ಇದನ್ನೇ ಓಡಿಸುತ್ತೇನೆ. 'ಡಿಲೀಟಿಂಗ್' ಅಂತ ಶುರುವಾಗುವ ಸಾಲುಗಳನ್ನು ಒಂದೊಂದಾಗಿ ಓದುತ್ತೇನೆ. ಗುರುತಿಲ್ಲದ ಒಂದು ಹೆಸರು ಕಂಡರೂ ಅಲ್ಲಿಗೇ ನಿಲ್ಲಿಸುತ್ತೇನೆ. ಎಲ್ಲಾ ಸರಿಯಿದ್ದರೆ ಮಾತ್ರ 'ಎನ್' ತೆಗೆದು ಎಂಟರ್ ಒತ್ತುತ್ತೇನೆ.

ನಮಸ್ಕಾರ.